ಮೂಗು ಒದ್ದೆ ಇದ್ದರೆ ಸಾಕೇ ಸ್ವಾಮೀ?

ನಾಯಿಯ ಮೂಗು ಯಾಕೆ ಒದ್ದೆಯಾಗಿರುತ್ತೆ ಅನ್ನೋದು ಮಕ್ಕಳು ಕೇಳೋ ಪ್ರಶ್ನೆ. ಅದಕ್ಕೆ ದೊಡ್ಡವರು ಕೊಡೋ ಉತ್ತರ ಮಾತ್ರ ಮಕ್ಕಳಾಟದ್ದಲ್ಲ. ಆ ಉತ್ತರ ನಂಬಿಕೊಂಡರೆ ಜೀವ ಹೋಗಬಹುದು. ಶುರುವಿನಲ್ಲೇ ಸ್ವಲ್ಪ ಜೋರಾಯ್ತು ಅನ್ನಿಸಿದರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

ಉತ್ತರ ನಿಮಗೆಲ್ಲ ಗೊತ್ತಿರೋದೇ. "ಮೂಗು ಒದ್ದೆಯಾಗಿ ತಣ್ಣಗಿದ್ದರೆ ನಾಯಿ ಆರೋಗ್ಯವಾಗಿದೆ, ಒಣಗಿ ಬಿಸಿಯಾಗಿದ್ದರೆ ಕಾಯಿಲೆ ಬಿದ್ದಿದೆ." ಪೇಪರಿನ ಮೂಲೆಯ 'ನಿಮಗಿದು ಗೊತ್ತೇ?' ಡಬ್ಬಿಯಲ್ಲಿ, ಮಕ್ಕಳ ಪುರವಣಿಯಲ್ಲಿ, ಈಗ ವಾಟ್ಸಾಪ್ ಫಾರ್ವರ್ಡುಗಳಲ್ಲಿ ಇದೇ ಮಾತು ಸುತ್ತು ಹೊಡೀತಾ ಇರುತ್ತೆ. ಇಷ್ಟಕ್ಕೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಇದು ಇಷ್ಟಕ್ಕೇ ನಿಲ್ಲಲ್ಲ. ನಾಯಿ ಯಾರಿಗಾದರೂ ಕಚ್ಚಿದ ದಿನ ಇದೇ ಮಾತು ಲ್ಯಾಬ್ ರಿಪೋರ್ಟ್ ಆಗಿಬಿಡುತ್ತೆ.

ನಮ್ಮ ಚಿಂತಾಮಣಿ ಕಡೆ ಬನ್ನಿ. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡೋ ಊರು. ಮಗುವಿಗೆ ನಾಯಿ ಕಚ್ಚಿತು ಅಂತಿಟ್ಟುಕೊಳ್ಳಿ. ಮೊದಲು ಆಗೋ ಕೆಲಸ ಗಾಯ ತೊಳೆಯೋದಲ್ಲ, ಕಚ್ಚಿದ ನಾಯಿ ಯಾವುದು ಅಂತ ಹುಡುಕೋದು. ಯಾರೋ ಒಬ್ಬ ಹಿರಿಯರು ಹೋಗಿ ನೋಡಿಕೊಂಡು ಬರ್ತಾರೆ. "ಮುಕ್ಕು ತಡಿಗಾನೇ ಉಂದಿ ಕದಪ್ಪಾ, ಪಿಚ್ಚಿ ಕುಕ್ಕ ಕಾದು" ಅಂತಾರೆ. ಮೂಗು ಒದ್ದೆಯಾಗೇ ಇದೆಯಲ್ಲಪ್ಪ, ಹುಚ್ಚು ನಾಯಿ ಅಲ್ಲ ಅಂತ. ಇನ್ನೊಬ್ಬರು ಒಂದು ಚಿಪ್ಪಿನಲ್ಲಿ ನೀರಿಟ್ಟು ನೋಡ್ತಾರೆ. ಕುಡೀತಾ? ಹಂಗಾದ್ರೆ ಹುಚ್ಚಿಲ್ಲ ಬಿಡಿ. ಗಾಯಕ್ಕೆ ಒಂಚೂರು ಅರಿಶಿನವೋ ಸುಣ್ಣವೋ ಕಾಫಿಪುಡಿಯೋ ಮೆತ್ತಿದರೆ ಮುಗೀತು. ಇಂಜೆಕ್ಷನ್ ಮಾತೇ ಬರಲ್ಲ. ಬಂದರೂ "ಆಮೇಲೆ ನೋಡೋಣ".

ಇದು ಬರೀ ಚಿಂತಾಮಣಿ ಕಥೆ ಅಲ್ಲ. ನಿಮ್ಮೂರಲ್ಲೂ ಇದನ್ನೇ ಬೇರೆ ಮಾತಿನಲ್ಲಿ ಹೇಳ್ತಿರುತ್ತಾರೆ. ಅದಕ್ಕೇ ಈ ಬರಹ. ಒದ್ದೆ ಮೂಗಿನ ನಿಜವಾದ ವಿಷಯ ಏನು, ಅದರಿಂದ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ... ಒಂದೊಂದಾಗಿ ನೋಡೋಣ.

ಒದ್ದೆ ಎಲ್ಲಿಂದ ಬರುತ್ತೆ?

ನಾಯಿಯ ಮೂಗಿನ ತುದಿಯಲ್ಲಿ ಕೂದಲಿಲ್ಲದ, ಸಣ್ಣ ಸಣ್ಣ ಗೆರೆಗಳಿರೋ ಕಪ್ಪು ಚರ್ಮ ಇದೆಯಲ್ಲ, ಅದು ತಾನಾಗೇ ಬೆವರಲ್ಲ. ಅಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ನೀರು ಬರೋದು ಬೇರೆ ಕಡೆಯಿಂದ.

ಮೂಗಿನ ಒಳಗೆ, ಎರಡೂ ಪಕ್ಕದಲ್ಲಿ ಒಂದೊಂದು ಗ್ರಂಥಿ ಇದೆ. ಹದಿನೇಳನೇ ಶತಮಾನದ ಡೆನ್ಮಾರ್ಕಿನ ಸ್ಟೆನೋ ಅನ್ನುವವನ ಹೆಸರಿನಲ್ಲಿ ಅದನ್ನ ಸ್ಟೆನೋ ಗ್ರಂಥಿ ಅಂತ ಕರೀತಾರೆ. ಅದರ ನಾಳ ಬಂದು ತೆರೆದುಕೊಳ್ಳೋದು ಮೂಗಿನ ಹೊಳ್ಳೆಯ ಬಾಗಿಲಲ್ಲೇ. ಅಲ್ಲಿಂದ ತೆಳ್ಳಗೆ ನೀರಿನಂಥ ದ್ರವ ಬರ್ತಾ ಇರುತ್ತೆ. ಎರಡನೆಯದು ಕಣ್ಣೀರು. ಕಣ್ಣಿನಿಂದ ಮೂಗಿಗೆ ಒಂದು ನಾಳ ಇದೆ, ನಮಗೂ ಇದೆ. ಅತ್ತಾಗ ನಮ್ಮ ಮೂಗು ಸೋರೋದು ಅದಕ್ಕೇ. ಮೂರನೆಯದು ನಾಲಿಗೆ. ನಾಯಿ ಗಳಿಗೆಗೊಂದು ಸಲ ಮೂಗು ನೆಕ್ಕಿಕೊಳ್ಳುತ್ತೆ.

ಇಷ್ಟು ನೀರು ಯಾಕೆ ಬೇಕು? ಮೊದಲ ಕಾರಣ ಸೆಖೆ. ನಾಯಿಗೆ ಪಾದದ ಅಡಿ ಬಿಟ್ಟರೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಅದು ತೇಕುತ್ತೆ. ಮೂಗಿನಿಂದ ಗಾಳಿ ಎಳೆದು ಬಾಯಿಂದ ಬಿಡುತ್ತೆ, ಒಳಗಿನ ತೇವ ಆವಿಯಾಗಿ ಹೋಗ್ತಾ ಮೈಯ ಬಿಸಿಯನ್ನೂ ಒಯ್ಯುತ್ತೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗೋ ಲೆಕ್ಕವೇ. 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬ್ಲಾಟ್, ಟೇಲರ್, ಹಬಲ್ ಅನ್ನೋ ಮೂವರು ಇದನ್ನ ಅಳೆದು ಬರೆದರು. ಸುತ್ತಲಿನ ಬಿಸಿ ಏರಿದ ಹಾಗೆಲ್ಲ ಸ್ಟೆನೋ ಗ್ರಂಥಿಯಿಂದ ಬರೋ ನೀರೂ ಏರುತ್ತೆ; ತೇಕುವಾಗ ಹೆಚ್ಚಾಗಿ ಆವಿಯಾಗೋ ನೀರಿನಲ್ಲಿ ಶೇಕಡಾ 19ರಿಂದ 36ರಷ್ಟನ್ನ ಈ ಗ್ರಂಥಿಯೇ ಒದಗಿಸಬಲ್ಲದು ಅಂತ ಅವರ ಲೆಕ್ಕ. ಅಂದರೆ ಅಷ್ಟು ಪುಟ್ಟ ಗ್ರಂಥಿ ಒಂದು ಥರಾ ನಾಯಿಯ ವಾಟರ್ ಟ್ಯಾಂಕು.

ಎರಡನೆಯ ಕಾರಣ ಇನ್ನೂ ಮಜವಾಗಿದೆ, ಇತ್ತೀಚಿನದೂ ಹೌದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ನಾಯಿಗಳ ಮೂಗಿನ ತುದಿಯ ಉಷ್ಣತೆ ಅಳೆದರು. ಸುತ್ತ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಎಚ್ಚರವಾಗಿರೋ ನಾಯಿಯ ಮೂಗು ಅದಕ್ಕಿಂತ ಸುಮಾರು 5 ಡಿಗ್ರಿ ತಣ್ಣಗಿತ್ತು. ಇಷ್ಟು ಕಷ್ಟಪಟ್ಟು ತಣ್ಣಗಿಟ್ಟುಕೊಳ್ಳೋದು ಯಾಕೆ ಅಂತ ಹುಡುಕುತ್ತಾ ಹೋದರು. 2020ರಲ್ಲಿ ಬುಡಾಪೆಸ್ಟಿನ ಸಂಶೋಧಕರ ಜೊತೆ ಸೇರಿ ಮೂರು ನಾಯಿಗಳಿಗೆ ತರಬೇತಿ ಕೊಟ್ಟು ನೋಡಿದರು. ಎರಡು ಹಲಗೆ, ಒಂದು ಸ್ವಲ್ಪ ಬೆಚ್ಚಗೆ, ಇನ್ನೊಂದು ಕೋಣೆಯಷ್ಟೇ ತಣ್ಣಗೆ. ಒಂದೂವರೆ ಮೀಟರಿಗೂ ಹೆಚ್ಚು ದೂರದಿಂದ, ವಾಸನೆಯ ಸುಳಿವೂ ಇಲ್ಲದೆ, ಬೆಚ್ಚಗಿರೋದನ್ನ ನಾಯಿಗಳು ಗುರುತು ಹಿಡಿದವು! ತಣ್ಣಗಿರೋ ಮೂಗು ಬೆಚ್ಚಗಿರೋ ಪ್ರಾಣಿಯ ಕಾವನ್ನ ದೂರದಿಂದ ಹಿಡಿಯುತ್ತೆ ಅನ್ನೋದು ಅವರ ತೀರ್ಮಾನ. ಪೊದೆಯೊಳಗಿನ ಮೊಲದ ಮೈಬಿಸಿ ನಾಯಿಯ ಮೂಗಿಗೆ ತಾಕೀತು ಅಂದ ಹಾಗಾಯ್ತು.

ಮೂರನೆಯದು ಎಲ್ಲರೂ ಹೇಳೋ ವಾಸನೆಯ ಕಾರಣ. ಇಲ್ಲೂ ನಮ್ಮ 'ನಿಮಗಿದು ಗೊತ್ತೇ' ಪಂಡಿತರು ಅರ್ಧ ಹೇಳಿ ಬಿಡ್ತಾರೆ. ಒದ್ದೆ ತುದಿಗೆ ವಾಸನೆಯ ಕಣ ಅಂಟುತ್ತೆ, ನಾಯಿ ನೆಕ್ಕುತ್ತೆ, ಗೊತ್ತಾಗುತ್ತೆ ಅಂತ ಮುಗಿಸ್ತಾರೆ. ವಾಸನೆ ಹಿಡಿಯೋ ಮುಖ್ಯ ಕೆಲಸ ನಡೆಯೋದು ತುದಿಯಲ್ಲಲ್ಲ, ಮೂಗಿನ ತೀರಾ ಒಳಗೆ, ಸುರುಳಿ ಸುರುಳಿ ಎಲುಬಿನ ಮೇಲೆ ಹಾಸಿರೋ ಲೋಳೆಯ ಪದರದಲ್ಲಿ. ವಾಸನೆಯ ಕಣ ಆ ಲೋಳೆಯಲ್ಲಿ ಕರಗಿದರೇನೇ ನರಕ್ಕೆ ಸುದ್ದಿ ಹೋಗೋದು. ನಮಗೆ ವಾಸನೆಯ ಗ್ರಾಹಕ ಕೋಶಗಳು ಐವತ್ತು ಅರವತ್ತು ಲಕ್ಷ ಇದ್ದರೆ ನಾಯಿಗೆ ಇಪ್ಪತ್ತು ಕೋಟಿಗೂ ಮೇಲೆ. ನಾಯಿ ಮೂಸುವಾಗ ಸೆಕೆಂಡಿಗೆ ಐದು ಸಲದಷ್ಟು ಗಾಳಿ ಎಳೆದು ಬಿಡುತ್ತೆ. ಬಿಡೋ ಗಾಳಿ ಮೂಗಿನ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗೋದರಿಂದ ಎದುರಿನ ವಾಸನೆ ಕದಡಲ್ಲ. 2020ರಲ್ಲಿ ದಾವಣಗೆರೆ ಪೊಲೀಸರ 'ತುಂಗಾ' ಅನ್ನೋ ಡಾಬರ್‌ಮನ್ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿಯ ಜಾಡು ಹಿಡಿದದ್ದು ಸುದ್ದಿಯಾಗಿತ್ತಲ್ಲ, ಆ ಓಟದ ಹಿಂದೆ ಇರೋದು ಈ ಒಳಮನೆಯ ಕೆಲಸ. ಹೊರಗಿನ ಒದ್ದೆ ಬರೀ ಜಗಲಿ.

ಈಗ ಹೇಳಿ, ಇದರಲ್ಲಿ ಆರೋಗ್ಯ ಎಲ್ಲಿ ಬಂತು?

ಮೇಲೆ ಹೇಳಿದ್ದನ್ನೆಲ್ಲ ಒಟ್ಟು ಸೇರಿಸಿ ನೋಡಿ. ಮೂಗಿನ ಒದ್ದೆ ಏರೋದು ಇಳಿಯೋದು ಸೆಖೆಗೆ, ನೆಕ್ಕೋದಕ್ಕೆ, ನಿದ್ದೆಗೆ. ಏಪ್ರಿಲ್ ಮಧ್ಯಾಹ್ನ ಚಿಂತಾಮಣಿ ಮಾರ್ಕೆಟ್ ಯಾರ್ಡಿನಲ್ಲಿ ಟೊಮ್ಯಾಟೊ ಬಾಕ್ಸುಗಳ ನೆರಳಿಗೆ ಮಲಗಿರೋ ನಾಯಿಯ ಮೂಗು ಮುಟ್ಟಿ ನೋಡಿ (ಮುಟ್ಟಬೇಡಿ, ಮಾತಿಗೆ ಹೇಳಿದೆ). ಒಣಗಿರುತ್ತೆ. ಮಲಗಿದಾಗ ನೆಕ್ಕಿಕೊಳ್ಳಲ್ಲ, ಅದಕ್ಕೆ. ಎದ್ದು ಮೈ ಮುರಿದು ಎರಡು ಸಲ ನೆಕ್ಕಿಕೊಂಡರೆ ಒದ್ದೆ. ಆ ಎರಡು ನಿಮಿಷದಲ್ಲಿ ಅದಕ್ಕೆ ಕಾಯಿಲೆ ಬಂದು ವಾಸಿಯೂ ಆಯ್ತಾ? ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮುಖದ ನಾಯಿಗಳಿಗೆ ನಾಲಿಗೆ ಮೂಗಿಗೆ ಸರಿಯಾಗಿ ಎಟುಕೋದೇ ಕಷ್ಟ, ಅವುಗಳ ಮೂಗು ಸುಮ್ಮನೆ ಒಣಗಿರುತ್ತೆ. ವಯಸ್ಸಾದ ನಾಯಿಯದೂ ಹಾಗೇ.

ತಿರುಗಿಸಿ ನೋಡಿ. ಡಿಸ್ಟೆಂಪರ್ ಅಂತ ನಾಯಿಮರಿಗಳನ್ನ ಸಾಲುಸಾಲಾಗಿ ಕೊಲ್ಲೋ ಕಾಯಿಲೆ ಇದೆ. ಅದು ಬಂದಾಗ ಮೂಗು ಧಾರಾಕಾರ ಸುರಿಯುತ್ತೆ. ಒದ್ದೆಯೇ ಆರೋಗ್ಯ ಅನ್ನೋದಾದರೆ ಸಾಯ್ತಾ ಇರೋ ಆ ಮರಿಯೇ ಎಲ್ಲಕ್ಕಿಂತ ಗಟ್ಟಿಮುಟ್ಟು! ನಾಯಿಗೆ ಜ್ವರ ಇದೆಯಾ ಅಂತ ಪಶುವೈದ್ಯರು ಮೂಗು ಮುಟ್ಟಿ ಹೇಳಲ್ಲ, ಹಿಂಬದಿಯಲ್ಲಿ ಥರ್ಮಾಮೀಟರ್ ಇಟ್ಟು ಹೇಳ್ತಾರೆ. ಆರೋಗ್ಯವಾಗಿರೋ ನಾಯಿಯ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಆ ಲೆಕ್ಕಕ್ಕೇ ಬರಲ್ಲ.

ಇಷ್ಟರ ತನಕ ಇದು ನಾಯಿಯ ವಿಷಯ. ಇನ್ನು ಮನುಷ್ಯರ ವಿಷಯ.

ಹುಚ್ಚು ನಾಯಿಯ ಮೂಗೂ ಒದ್ದೆ

ರೇಬಿಸ್ ವೈರಸ್ಸು ಕಚ್ಚಿದ ಗಾಯದಿಂದ ನರಕ್ಕೆ ಸೇರಿ, ನರ ಹಿಡಿದುಕೊಂಡು ಮಿದುಳಿಗೆ ನಡೆದು ಹೋಗುತ್ತೆ. ಮಿದುಳಿನಿಂದ ಮತ್ತೆ ನರಗಳ ದಾರಿಯಲ್ಲೇ ಜೊಲ್ಲಿನ ಗ್ರಂಥಿಗೆ ಬರುತ್ತೆ. ಗಮನಿಸಬೇಕಾದ ಮಾತು ಇದು: ನಾಯಿಯಲ್ಲಿ ಹುಚ್ಚಿನ ಲಕ್ಷಣ ಕಾಣೋದಕ್ಕೆ ಕೆಲವು ದಿನ ಮೊದಲೇ ಅದರ ಜೊಲ್ಲಿನಲ್ಲಿ ವೈರಸ್ ಬಂದಿರಬಹುದು. ಆ ದಿನಗಳಲ್ಲಿ ನಾಯಿ ಬಾಲ ಅಲ್ಲಾಡಿಸುತ್ತೆ, ಮುದ್ದೆ ತಿನ್ನುತ್ತೆ, ನೀರು ಕುಡಿಯುತ್ತೆ, ಮೂಗು ತಣ್ಣಗೆ ಒದ್ದೆಯಾಗಿರುತ್ತೆ. ಕಚ್ಚಿದರೆ ರೇಬಿಸ್ಸನ್ನೂ ಕೊಡುತ್ತೆ. ಕಚ್ಚಿದ ನಾಯಿಯನ್ನ 10 ದಿನ ಕಣ್ಣಿಟ್ಟು ನೋಡಿ ಅಂತ ಡಾಕ್ಟರು ಹೇಳೋದು ಇದಕ್ಕೇ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಅಷ್ಟರೊಳಗೆ ನಾಯಿ ಕಾಯಿಲೆ ತೋರಿಸಿ ಸಾಯುತ್ತೆ. ಹತ್ತು ದಿನ ಬೇಕಾದ ಪರೀಕ್ಷೆಯನ್ನ ನಮ್ಮ ಹಿರಿಯರು ಹತ್ತು ಸೆಕೆಂಡಿನಲ್ಲಿ ಬೆರಳ ತುದಿಯಿಂದ ಮುಗಿಸಿ ಬರ್ತಾರೆ.

ಲಕ್ಷಣ ಕಾಣಿಸಿಕೊಂಡ ಮೇಲಾದರೂ ಮೂಗು ಒಣಗುತ್ತಾ? ಅದೂ ಇಲ್ಲ. ಗಂಟಲಿನ ಮಾಂಸಖಂಡ ಸೋತು ನುಂಗೋದಕ್ಕೆ ಆಗದೆ ಜೊಲ್ಲು ಸುರಿಯುತ್ತೆ. ಮುಖ ಮೂತಿ ಎಲ್ಲ ತೊಯ್ದಿರುತ್ತೆ. ಎಲ್ಲ ಹುಚ್ಚು ನಾಯಿಯೂ ಸಿನಿಮಾದಲ್ಲಿ ತೋರಿಸೋ ಹಾಗೆ ಅಟ್ಟಿಸಿಕೊಂಡು ಬರೋದೂ ಇಲ್ಲ. ಮಂಕಾಗಿ ಮೂಲೆ ಸೇರೋ ಇನ್ನೊಂದು ರೂಪ ಇದೆ. ಕೆಳದವಡೆ ಜೋತುಬಿದ್ದು ಸುಮ್ಮನೆ ಕೂತಿರುತ್ತೆ. "ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ" ಅಂತ ಬಾಯಿಗೆ ಕೈ ಹಾಕೋ ಕರುಣಾಳುಗಳೇ ಅಪಾಯಕ್ಕೆ ಬೀಳೋದು.

ಇನ್ನು ನೀರಿನ ಪರೀಕ್ಷೆ. ನೀರು ಕಂಡರೆ ಗಂಟಲು ಹಿಂಡಿದ ಹಾಗಾಗಿ ಬೆದರೋದು ರೇಬಿಸ್ ಬಂದ ಮನುಷ್ಯನ ಲಕ್ಷಣ. ನಾಯಿಗೆ ಆ ಹೆದರಿಕೆ ಇಲ್ಲ. ಹುಚ್ಚು ನಾಯಿ ನೀರಿಗೆ ಬಾಯಿ ಹಾಕುತ್ತೆ, ಗಂಟಲು ಇನ್ನೂ ಕೆಲಸ ಮಾಡ್ತಾ ಇದ್ದರೆ ಕುಡಿಯುತ್ತೆ ಕೂಡ. ಮನುಷ್ಯನ ಲಕ್ಷಣವನ್ನ ನಾಯಿಯಲ್ಲಿ ಹುಡುಕಿ, ಕಾಣದೆ ಇದ್ದದ್ದಕ್ಕೆ ನಿಟ್ಟುಸಿರು ಬಿಡೋದು ನಮ್ಮ ಜಾಣತನ. 'ಬೊಗಳೋ ನಾಯಿ ಕಚ್ಚಲ್ಲ' ಅನ್ನೋ ಗಾದೆಯನ್ನೂ ಇದರ ಜೊತೆಗೇ ಕಟ್ಟಿಡಿ.

"ನಮ್ಮಜ್ಜನ ಕಾಲದಿಂದ ನೋಡ್ತಾ ಇದೀವಿ, ಏನೂ ಆಗಿಲ್ಲ"

ಇದು ಬಂದೇ ಬರೋ ವಾದ, ತಳ್ಳಿಹಾಕೋ ಹಾಗೂ ಇಲ್ಲ. ನಿಜ, ಮೂಗು ನೋಡಿ ಇಂಜೆಕ್ಷನ್ ಬಿಟ್ಟವರಲ್ಲಿ ತುಂಬಾ ಜನ ಚೆನ್ನಾಗೇ ಇದ್ದಾರೆ. ಯಾಕೆ? ಕಚ್ಚೋ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬಿಸ್ ಇರಲ್ಲ. ಮರಿ ಹಾಕಿದ ತಾಯಿ ಕಚ್ಚುತ್ತೆ, ಬಾಲ ತುಳಿದರೆ ಕಚ್ಚುತ್ತೆ, ಎಲುಬು ಕಿತ್ತುಕೊಂಡರೆ ಕಚ್ಚುತ್ತೆ. ಹಾಗಿರುವಾಗ ಮೂಗು ನೋಡಿ "ಏನಿಲ್ಲ" ಅಂದರೂ ಸರಿಯಾಗುತ್ತೆ, ನಾಣ್ಯ ಚಿಮ್ಮಿ "ಏನಿಲ್ಲ" ಅಂದರೂ ಸರಿಯಾಗುತ್ತೆ, ಗಿಳಿಶಾಸ್ತ್ರದವನ ಗಿಳಿ ಎಲೆ ತೆಗೆದು ಹೇಳಿದರೂ ಸರಿಯಾಗುತ್ತೆ. ಪರೀಕ್ಷೆ ಒಳ್ಳೇದೋ ಕೆಟ್ಟದ್ದೋ ಅಂತ ಗೊತ್ತಾಗೋದು ಈ ಸುಮ್ಮನಿರೋ ದಿನಗಳಲ್ಲಲ್ಲ. ನಿಜವಾಗಿ ರೇಬಿಸ್ ಇರೋ ಆ ಒಂದು ನಾಯಿ ಬಂದ ದಿನ ಅದು ಹಿಡಿಯುತ್ತಾ ಅನ್ನೋದರಲ್ಲಿ. ಆ ದಿನವೇ ಇದು ಕೈ ಕೊಡೋದು.

ಕೈ ಕೊಟ್ಟದ್ದೂ ತಕ್ಷಣ ಗೊತ್ತಾಗಲ್ಲ. ಕಚ್ಚಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ವರ್ಷ. ಅಷ್ಟು ಹೊತ್ತಿಗೆ ಗಾಯ ಮಾಯ್ದಿರುತ್ತೆ, ನಾಯಿ ಎಲ್ಲೋ ಸತ್ತಿರುತ್ತೆ, ಮೂಗು ನೋಡಿ ಬಂದವರಿಗೆ ನೋಡಿದ್ದೇ ಮರೆತಿರುತ್ತೆ. ಹುಡುಗನಿಗೆ ಜ್ವರ, ಗಾಯ ಆಗಿದ್ದ ಜಾಗದಲ್ಲಿ ಜುಮುಜುಮು, ಆಮೇಲೆ ನೀರು ಕಂಡರೆ ಬೆದರಿಕೆ. "ಗಾಳಿ ಸೋಕಿದೆ" ಅಂತ ಯಂತ್ರ ಕಟ್ಟಿಸ್ತಾರೆ. ಲಕ್ಷಣ ಶುರುವಾದ ಮೇಲೆ ರೇಬಿಸ್ಸಿಗೆ ಔಷಧಿ ಇಲ್ಲ. ಬದುಕಿ ಉಳಿದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ತಪ್ಪು ಪರೀಕ್ಷೆ ಸಾವಿರ ಸಲ ಗೆದ್ದ ಹಾಗೆ ಕಂಡು ಒಂದು ಸಲ ಸೋತಾಗ, ಸೋತದ್ದಕ್ಕೆ ಸಾಕ್ಷಿ ಹೇಳಬೇಕಾದವನೇ ಇರಲ್ಲ. ಅಜ್ಜನ ಕಾಲದ ಅನುಭವ ಅನ್ನೋದು ಬದುಕಿ ಉಳಿದವರು ಹೇಳಿದ ಅನುಭವ.

ಅಂಕಿ ಬೇಕು ಅನ್ನೋರಿಗೆ: ಐಸಿಎಂಆರ್ ಸಂಶೋಧಕರು 2022-23ರಲ್ಲಿ ದೇಶದ ಮನೆಮನೆ ಸಮೀಕ್ಷೆ ಮಾಡಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಮಂದಿಗೆ ಪ್ರಾಣಿಗಳು ಕಚ್ಚುತ್ತವೆ, ಹೆಚ್ಚಿನವು ನಾಯಿಗಳೇ. ರೇಬಿಸ್ಸಿನಿಂದ ಸಾಯೋರು ವರ್ಷಕ್ಕೆ ಸುಮಾರು 5,700. ಹಿಂದೆ 2003ರ ಸಮೀಕ್ಷೆಯ ಅಂದಾಜು 20,000 ಇತ್ತು, ಅದಕ್ಕೆ ಹೋಲಿಸಿದರೆ ಇಳಿದಿದೆ, ಸಂತೋಷ. ಆದರೆ ಅದೇ ಹೊಸ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ. ನಾಯಿ ಕಚ್ಚಿದವರಲ್ಲಿ ಐದರಲ್ಲಿ ಒಬ್ಬರು ಲಸಿಕೆಯ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ. ಆ ಐದನೆಯವರ ಮನೆಯಲ್ಲಿ ಏನು ಮಾತುಕತೆ ನಡೆದಿರಬಹುದು ಅಂತ ಊಹಿಸೋಕೆ ನನಗೆ ಸಮೀಕ್ಷೆ ಬೇಕಾಗಿಲ್ಲ.

ಭಯ ಹಳೇದು, ಸೂಜಿ ಹೊಸದು

ಜನ ಮೂಗಿನ ಮೊರೆ ಹೋಗೋದಕ್ಕೆ ದಡ್ಡತನವೇ ಕಾರಣ ಅಂತ ನಾನು ಹೇಳ್ತಿಲ್ಲ. ಒಂದು ಕಾರಣ ಹೊಟ್ಟೆ ಸುತ್ತ 14 ಇಂಜೆಕ್ಷನ್ನಿನ ನೆನಪು. ಅದು ಸುಳ್ಳಲ್ಲ. ಕುರಿಯ ಮಿದುಳಿನಿಂದ ತಯಾರಾಗ್ತಿದ್ದ, 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯನ್ನೇ ನಮ್ಮ ಹಿಂದಿನ ತಲೆಮಾರಿನವರು ಚುಚ್ಚಿಸಿಕೊಂಡದ್ದು. ಹೊಟ್ಟೆ ಊದಿಕೊಳ್ತಿತ್ತು, ಕೆಲವರಿಗೆ ಆ ಲಸಿಕೆಯಿಂದಲೇ ನರದ ತೊಂದರೆ ಆಗ್ತಿತ್ತು. 2004ರ ಕೊನೆಗೆ ದೇಶದಲ್ಲಿ ಅದರ ತಯಾರಿ ನಿಂತಿತು. ಈಗಿನದು ಕೋಶಗಳಲ್ಲಿ ಬೆಳೆಸಿದ ಲಸಿಕೆ. ತೋಳಿನ ಚರ್ಮಕ್ಕೆ ಚೂರು ಚೂರು, ನಾಲ್ಕು ಭೇಟಿ: ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ರಕ್ತ ಬಂದ ಗಾಯ ಆಗಿದ್ದರೆ ಅದರ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇನ್ನೊಂದು ಔಷಧಿ. ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡೋ ತನಕ ಕಾವಲು ಕಾಯೋದು ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡಿಲ್ಲ. ಸೂಜಿ ಬದಲಾಗಿ ಇಪ್ಪತ್ತು ವರ್ಷ ಆಯ್ತು, ಭಯ ಮಾತ್ರ ಹಳೇದೇ. ಆ ಭಯ ಬಿಡಿಸಬೇಕಾದ ಕೆಲಸ ನಮ್ಮಂಥ ಓದು ಬರಹದವರದು. ನಾವು 'ಒದ್ದೆ ಮೂಗು ಆರೋಗ್ಯದ ಗುಟ್ಟು' ಅಂತ ಬರೀತಾ ಕೂತಿದ್ದೀವಿ.

ಇನ್ನೊಂದು ಕಾರಣ ಕೂಲಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋರು, ಟೊಮ್ಯಾಟೊ ಕೀಳೋರು ಹಳ್ಳಿಯಿಂದ ಚಿಂತಾಮಣಿಗೆ ಬರಬೇಕು ಅಂದರೆ ಬಸ್ಸು ಕಾಯಬೇಕು, ಅರ್ಧ ದಿನ ಹೋಗುತ್ತೆ. ನಾಲ್ಕು ಸಲ ಅಂದರೆ ಎರಡು ದಿನದ ಸಂಪಾದನೆ. ಮಗುವಿನ ಜೊತೆ ದೊಡ್ಡವರೂ ಬರಬೇಕು. ಇಂಥವರಿಗೆ "ಮೂಗು ಒದ್ದೆ ಇದೆ, ಹೋಗೋದು ಬೇಡ" ಅನ್ನೋ ಮಾತು ಎಷ್ಟು ಸಮಾಧಾನ ಕೊಡುತ್ತೆ ಅಂತ ನನಗೆ ಅರ್ಥ ಆಗುತ್ತೆ. ಅದಕ್ಕೇ ನನ್ನ ಸಿಟ್ಟು ಅವರ ಮೇಲಲ್ಲ. ಆ ಮಾತಿಗೆ 'ವಿಜ್ಞಾನ' ಅಂತ ಮೊಹರು ಒತ್ತಿ ಕೊಡೋರ ಮೇಲೆ. ಬಡವನ ಕಷ್ಟಕ್ಕೆ ಪರಿಹಾರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಸಿಗೋ ಹಾಗೆ ಮಾಡೋದು. ಸುಳ್ಳು ಸಮಾಧಾನ ಹಂಚೋದಲ್ಲ.

ನಾಯಿ ಸಾಕಿರೋ ಓದಿದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. "ನಮ್ಮ ಟಾಮಿಗೆ ಏನೂ ಇಲ್ಲ ರೀ, ಮೂಗು ನೋಡಿ ಎಷ್ಟು ತಣ್ಣಗಿದೆ!" ನಾನು ಕೇಳಿದ್ದು ಟಾಮಿಯ ಮೂಗನ್ನಲ್ಲ, ಟಾಮಿಯ ಲಸಿಕೆ ಕಾರ್ಡನ್ನ.

ಎರಡು ಬಣ, ಇಬ್ಬರಿಗೂ ಬೇಡದ ಸೋಪು

2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದಾಗ ದೇಶವೆಲ್ಲ ಎರಡು ಬಣ ಆಯ್ತು. 11ನೇ ತಾರೀಖು ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂತ ಆದೇಶ. 22ನೇ ತಾರೀಖು ಅದನ್ನ ತಿದ್ದಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಇದ್ದ ಜಾಗಕ್ಕೇ ಬಿಡಿ, ರೇಬಿಸ್ ಇರೋವನ್ನ ಮತ್ತು ಮೈಮೇಲೆ ಬೀಳೋವನ್ನ ಬಿಡಬೇಡಿ ಅಂತ. ಒಂದು ಬಣ ನಾಯಿಗಳನ್ನೆಲ್ಲ ತೊಲಗಿಸಿ ಅಂತು, ಇನ್ನೊಂದು ಬಣ ನಾಯಿ ತಂಟೆಗೆ ಬರಬೇಡಿ ಅಂತು. ಇಷ್ಟೆಲ್ಲ ಕೂಗಾಟದಲ್ಲಿ ಒಂದು ತುಂಡು ಸೋಪಿನ ಬಗ್ಗೆ ಮಾತಾಡಿದೋರನ್ನ ಹುಡುಕಬೇಕಾಗಿತ್ತು. ಗಾಯವನ್ನ ಹರಿಯೋ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದರೆ ವೈರಸ್ಸಿನ ಬಹುಪಾಲು ಅಲ್ಲೇ ಕೊಚ್ಚಿ ಹೋಗುತ್ತೆ. ಸೋಪು ಆ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನೇ ಹಾಳು ಮಾಡುತ್ತೆ. ಇದಕ್ಕೆ ಕೋರ್ಟೂ ಬೇಡ, ಶೆಲ್ಟರೂ ಬೇಡ.

ನಾಯಿಗಳ ಕಡೆಯಿಂದಲೂ ದಾರಿ ಇದೆ, ಪಕ್ಕದ ಗೋವಾದಲ್ಲೇ ಮಾಡಿ ತೋರಿಸಿದ್ದಾರೆ. 2013ರಿಂದ 2019ರ ತನಕ ಬೀದಿ ಬೀದಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕಿ, ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, ನಾಯಿಗಳಲ್ಲಿ ರೇಬಿಸ್ಸನ್ನ ಶೇಕಡಾ 92ರಷ್ಟು ಇಳಿಸಿದರು. 2018, 2019ರಲ್ಲಿ ಅಲ್ಲಿ ರೇಬಿಸ್ಸಿನಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. ನಾಯಿಗಳನ್ನ ಕೊಂದು ಮಾಡಿದ್ದಲ್ಲ ಇದು. ನಮ್ಮಲ್ಲೇನು ಕಮ್ಮಿ? ರೇಬಿಸ್ ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಮನುಷ್ಯರ ರೇಬಿಸ್ ಪ್ರಕರಣ ವರದಿ ಮಾಡಲೇಬೇಕು ಅಂತ ಕರ್ನಾಟಕ 2022ರಲ್ಲೇ ಆದೇಶ ಮಾಡಿದೆ. ಕೇಂದ್ರದ ಯೋಜನೆ 2030ಕ್ಕೆ ನಾಯಿಯಿಂದ ಬರೋ ರೇಬಿಸ್ ಇಲ್ಲ ಮಾಡ್ತೀವಿ ಅನ್ನುತ್ತೆ. ಕಾಗದದಲ್ಲಿ ಎಲ್ಲ ಇದೆ. ಅದು ಚಿಂತಾಮಣಿಯ ಓಣಿಗೆ ಬಂದು ತಲುಪೋ ಹೊತ್ತಿಗೆ ಒದ್ದೆ ಮೂಗು ಎದುರು ನಿಂತಿರುತ್ತೆ.

ಇಷ್ಟು ಓದಿ ಇವನು ನಾಯಿ ದ್ವೇಷಿ ಅಂದುಕೊಳ್ಳಬೇಡಿ. ಹತ್ತನೇ ಶತಮಾನದಲ್ಲೇ ಹಂದಿಯ ಜೊತೆ ಕಾದಾಡಿ ಸತ್ತ 'ಕಾಳಿ' ಅನ್ನೋ ನಾಯಿಯ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ಇದು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಹೋಗಿ ನೋಡಿ. ನಾಯಿಯ ಒದ್ದೆ ಮೂಗು ಕೆನ್ನೆಗೆ ತಾಗಿದರೆ ಖುಷಿಯೇ. ಗಾಯ ಇಲ್ಲದ ಚರ್ಮಕ್ಕೆ ಅದರಿಂದ ರೇಬಿಸ್ ಬರಲ್ಲ. ನಾಯಿಯನ್ನ ಪ್ರೀತಿಸೋರು ಮೊದಲು ಅದಕ್ಕೆ ಲಸಿಕೆ ಹಾಕಿಸಲಿ. ಒಂದು ರೇಬಿಸ್ ಸಾವು ಆದ ಊರಿನಲ್ಲಿ ಮರುದಿನ ದೊಣ್ಣೆ ಹಿಡಿದು ಹೊರಟವರಿಗೆ ಸಿಕ್ಕಿ ಸಾಯೋ ನಾಯಿಗಳು ಎಷ್ಟು ಅಂತ ಗೊತ್ತಲ್ಲ?

ಕನ್ನಡದಲ್ಲಿ ಬರೆಯೋ ಗೆಳೆಯರಲ್ಲಿ ನನ್ನದೊಂದೇ ಬೇಡಿಕೆ. ಒದ್ದೆ ಮೂಗಿನ ಬಗ್ಗೆ ಬರೀಲೇಬೇಡಿ ಅನ್ನಲ್ಲ. ಸ್ಟೆನೋ ಗ್ರಂಥಿ, ಕಾವು ಹಿಡಿಯೋ ಮೂಗು, ಇವೆಲ್ಲ ಎಂಥಾ ಸೊಗಸಾದ ವಿಷಯ! ಬರೀರಿ. ಆದರೆ ಕೊನೆಗೆ ಒಂದು ಸಾಲು ಸೇರಿಸಿ: 'ಮೂಗು ನೋಡಿ ರೇಬಿಸ್ ಇಲ್ಲ ಅಂತ ಹೇಳೋಕಾಗಲ್ಲ, ಕಚ್ಚಿದರೆ ಸೋಪು, ನೀರು, ಅವತ್ತೇ ಆಸ್ಪತ್ರೆ.' ಮನೆಯಲ್ಲಿ ಹಿರಿಯರು ನಾಯಿ ನೋಡಿಕೊಂಡು ಬರ್ತೀನಿ ಅಂತ ಹೊರಟರೆ ತಡೀಬೇಡಿ, ಹೋಗಿ ಬರಲಿ. ಹತ್ತು ದಿನವೂ ಹೋಗಿ ನೋಡಿ ಬರಲಿ, ಅದರಿಂದ ಉಪಯೋಗವೇ. ಅಷ್ಟರಲ್ಲಿ ನೀವು ಮಗುವನ್ನ ನಲ್ಲಿ ಕೆಳಗೆ ಕೂರಿಸಿರಿ.

ಏನಂತೀರಿ?

ಕೊಸರು: ನೋಹನ ಹಡಗಿಗೆ ತೂತು ಬಿದ್ದಾಗ ನಾಯಿ ತನ್ನ ಮೂಗನ್ನೇ ಅದಕ್ಕೆ ಬಿರಡೆ ಮಾಡಿ ಎಲ್ಲರನ್ನೂ ಉಳಿಸಿತಂತೆ, ಅವತ್ತಿನಿಂದ ನಾಯಿ ಮೂಗು ಒದ್ದೆ ಅಂತ ಒಂದು ಕಥೆ ಇದೆ. ಈ ವಿಷಯದಲ್ಲಿ ನಾನು ಕೇಳಿದ ಕಟ್ಟುಕಥೆಗಳಲ್ಲಿ ಇದೊಂದೇ ವಾಸಿ. ಇದನ್ನ ನಂಬಿದರೆ ಯಾರೂ ಸಾಯಲ್ಲ.